ಹನಿಗಾಡಿಗೆ ಹೊರಮೈ ಯಾವುದು ಚೆನ್ನ?



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕಾಗಿದೆ. ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮದ ಕೊನೆಯ ಎರಡು ನಿಮಿಷ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹಿರಿಯರೊಬ್ಬರು ಕರೆ ಮಾಡಿದ್ದರು. ನಿವೃತ್ತರು. ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಜಾಗದಲ್ಲೇ ಪ್ಲೈವುಡ್ಡಿನಿಂದ ಒಂದು ಪುಟ್ಟ ಗಾಡಿ ಕಟ್ಟುತ್ತಿದ್ದಾರಂತೆ. ಇಬ್ಬರು ಮಲಗುವಷ್ಟು ಜಾಗ, ಹಿಂದೆ ಮುಚ್ಚಳ ಎತ್ತಿದರೆ ಚಿಕ್ಕ ಅಡುಗೆಕಟ್ಟೆ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೆಂಡತಿಯ ಜೊತೆ ಮಲೆನಾಡು, ಕರಾವಳಿ ಸುತ್ತುವ ಆಸೆ. "ಗಾಡಿಯ ಮೈಯೆಲ್ಲಾ ಮುಗೀತಮ್ಮಾ, ಹೊರಗಡೆ ಏನು ಹೊಡೀಲಿ ಹೇಳು" ಎಂದರು. ಹಾಡಿಗೆ ಹೊತ್ತಾಗಿತ್ತು. "ಒಳ್ಳೆ ಎನಾಮೆಲ್ ಪೇಂಟ್ ಎರಡು ಕೋಟ್ ಹೊಡೆದುಬಿಡಿ ಸಾರ್" ಎಂದು ಹೇಳಿ ಹಾಡು ಹಾಕಿಬಿಟ್ಟೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಕುಳಿತ ಮೇಲೆ ಮನಸ್ಸು ಚುಚ್ಚತೊಡಗಿತು. ಕಾರಣ, ನಮ್ಮ ಮನೆಯ ಚಪ್ಪಲಿ ಗೂಡು! ಅದಕ್ಕೂ ಇದೇ ಎನಾಮೆಲ್ ಎರಡು ಕೋಟ್ ನಾನೇ ಹೊಡೆದಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗಿನ ಅಂಚು ನೆನೆದ ಪುಸ್ತಕದ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಮೇಲೆ ಬಣ್ಣ ಮಾತ್ರ ಹೊಳೆಯುತ್ತಲೇ ಇತ್ತು. ಚಪ್ಪಲಿ ಗೂಡು ಹೋದರೆ ಹೋಗಲಿ. ಒಬ್ಬರ ಒಂದು ವರ್ಷದ ದುಡಿಮೆ, ಉಳಿತಾಯದ ಹಣ ನನ್ನ ಎರಡು ನಿಮಿಷದ ಮಾತಿನಿಂದ ಕೊಳೆತುಹೋಗಬಾರದಲ್ಲ? ಹಾಗಾಗಿ ಬಡಗಿಗಳನ್ನು, ದೋಣಿ ಕಟ್ಟುವವರನ್ನು, ಕಾರಿಗೆ ಬಣ್ಣ ಹೊಡೆಯುವವರನ್ನು ಕೇಳಿ, ಒಂದಿಷ್ಟು ಓದಿ ಇದನ್ನು ಬರೆಯುತ್ತಿದ್ದೇನೆ. ಗಾಡಿ ಕಟ್ಟದವರೂ ಓದಬಹುದು. ಬಾಲ್ಕನಿಯ ಕಪಾಟು, ಸ್ನಾನದ ಮನೆಯ ಬಾಗಿಲು, ಮಾರುವ ತಳ್ಳುಗಾಡಿ, ಎಲ್ಲದರ ಕಥೆಯೂ ಇದೇ.

ಇಂಗ್ಲಿಷಿನಲ್ಲಿ ಈ ಗಾಡಿಗೆ ಟಿಯರ್‌ಡ್ರಾಪ್ ಎಂದು ಹೆಸರು. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿ, ಪಕ್ಕದಿಂದ ನೋಡಿದರೆ ಜಾರುವ ಹನಿಯಂತೆ ಕಾಣುತ್ತದೆ. ಹೊಸ ಗಾಡಿಗೆ ಕಣ್ಣೀರಿನ ಹೆಸರು ಯಾಕೆ? ನಾನು ಹನಿಗಾಡಿ ಎನ್ನುತ್ತೇನೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಜನ ಮನೆಯಲ್ಲೇ ಇಂಥವನ್ನು ಕಟ್ಟತೊಡಗಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಯೂಮಿನಿಯಂ ತಗಡು ಸುಲಭವಾಗಿ ಸಿಕ್ಕಿತು, ಅದನ್ನೇ ಹೊದಿಸಿದರು. ಅಲ್ಲಿನ ಪುಸ್ತಕಗಳಲ್ಲಿ ಚಳಿ, ಹಿಮ, ಒಣ ಮರುಭೂಮಿಯ ಲೆಕ್ಕ ಇರುತ್ತದೆ. ನಮ್ಮ ಚೆನ್ನೈ ಬೇರೆಯೇ ಊರು.

ಇಲ್ಲಿ ವರ್ಷಕ್ಕೆ ಸುಮಾರು 1400 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೇ ಸುರಿದುಬಿಡುತ್ತದೆ. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲು 40 ಡಿಗ್ರಿ ದಾಟುತ್ತದೆ. ಇವೆರಡರ ನಡುವೆ ಮೂರನೆಯ ವೈರಿಯೊಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಸಮುದ್ರದ ಗಾಳಿಯ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಒಸರುವುದನ್ನು ನೋಡಿದ್ದೀರಲ್ಲ, ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಗಾಡಿಯ ಮೈಮೇಲೆ ಕೂತ ಉಪ್ಪೂ ಹಾಗೇ. ಮಳೆ ಬಾರದ ದಿನವೂ ರಾತ್ರಿಯೆಲ್ಲಾ ಹಲಗೆಯ ಮೇಲೆ ತೆಳುವಾದ ತೇವವನ್ನು ಹಿಡಿದಿಟ್ಟಿರುತ್ತದೆ. ಸಾಲದ್ದಕ್ಕೆ 2015ರ ಡಿಸೆಂಬರ್, 2023ರ ಡಿಸೆಂಬರ್ ನೆನಪಿಸಿಕೊಳ್ಳಿ. ಕಾರು ನಿಲ್ಲಿಸುವ ಜಾಗದಲ್ಲಿ ನೀರು ಎಷ್ಟೆತ್ತರ ಬಂದಿತ್ತು! ಗಾಡಿಯ ಹೊಟ್ಟೆಯ ಭಾಗವೂ ಹೊರಮೈಯೇ ಎಂಬುದನ್ನು ಮರೆಯಬಾರದು.

ಮರೀನಾದ ಆಸುಪಾಸಿನ ಮೀನುಗಾರರ ಕುಪ್ಪಗಳಲ್ಲಿ ಹಿಂದೆ ಕಟ್ಟುಮರಗಳಿದ್ದವು. ಕಟ್ಟು, ಮರ, ಎರಡೂ ನಮ್ಮ ಕನ್ನಡಕ್ಕೂ ಸ್ವಂತ ಪದಗಳೇ. ಇಂಗ್ಲಿಷಿನ ಕ್ಯಾಟಮರಾನ್ ಹುಟ್ಟಿದ್ದು ತಮಿಳಿನ ಈ ಹೆಸರಿನಿಂದ. ಹಗುರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ ಅದು. ದಿನಾ ಉಪ್ಪುನೀರಿನಲ್ಲಿ ಮುಳುಗಿ ಏಳುತ್ತಿದ್ದ ಆ ಮರಕ್ಕೆ ಹೊಳಪಿನ ಬಣ್ಣದ ರಕ್ಷಣೆ ಏನೂ ಇರಲಿಲ್ಲ. ಆದರೂ ಬಾಳುತ್ತಿತ್ತು. ಹೇಗೆ? ಕೆಲಸ ಮುಗಿದೊಡನೆ ಮರಳಿನ ಮೇಲೆ ಎಳೆದು, ಕಟ್ಟು ಬಿಚ್ಚಿ ಬಿಸಿಲಿಗೆ ಒಣಗಿಸುತ್ತಿದ್ದರು. ಮರ ಒದ್ದೆಯಾಗುವುದು ತಪ್ಪಲ್ಲ, ಒಣಗಲು ದಾರಿ ಇಲ್ಲದಿರುವುದು ತಪ್ಪು. ಮರದ ತೇವಾಂಶ ಶೇ. 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಅದರಲ್ಲಿ ಬೆಳೆಯಲಾರದು.

ಅಂದರೆ ಮರವನ್ನು ಕಾಯುವುದಕ್ಕೆ ದಾರಿ ಎರಡೇ. ಒದ್ದೆಯಾಗಲು ಬಿಟ್ಟು ಪೂರ್ತಿ ಒಣಗಿಸುವುದು ಒಂದು, ನೀರೇ ಸೋಕದಂತೆ ಪೂರ್ತಿ ಮುಚ್ಚುವುದು ಇನ್ನೊಂದು. ಕಷ್ಟವಿರುವುದು ನಡುವೆ. ಅಗಲವಾದ ಮೈಗೆಲ್ಲಾ ದಪ್ಪ ಬಣ್ಣ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕಿನಿಂದ ಒಳಹೊಕ್ಕ ನೀರು ಬಣ್ಣದ ಹಿಂದೆ ಸಿಕ್ಕಿಬೀಳುತ್ತದೆ. ನನ್ನ ಚಪ್ಪಲಿ ಗೂಡಿಗೆ ಆದದ್ದು ಇದೇ. ಬಣ್ಣ ಹೊಡೆಯದೆ ಬಿಟ್ಟಿದ್ದರೆ ಬಹುಶಃ ಇನ್ನೂ ಒಂದು ವರ್ಷ ಬರುತ್ತಿತ್ತೋ ಏನೋ.

ಮರಕ್ಕೆ ಮಾತ್ರ ಅಲ್ಲ, ಉಕ್ಕಿಗೂ ಇದೇ ಪಾಡು. 1955ರಲ್ಲಿ ಆರಂಭವಾದ ನಮ್ಮ ಪೆರಂಬೂರಿನ ರೈಲ್ವೆ ಬೋಗಿ ಕಾರ್ಖಾನೆ ಕಟ್ಟಿದ ಹಳೆಯ ಮಾದರಿಯ ಬೋಗಿಗಳಲ್ಲಿ ತುಕ್ಕು ಹೆಚ್ಚಾಗಿ ಹಿಡಿಯುತ್ತಿದ್ದದ್ದು ಎಲ್ಲಿ ಗೊತ್ತೇ? ಬಿಸಿಲು ಮಳೆಗೆ ನೇರವಾಗಿ ಒಡ್ಡಿದ ಅಗಲ ಪಕ್ಕೆಗಳಲ್ಲಿ ಅಲ್ಲ. ಶೌಚಾಲಯದ ಕೆಳಗೆ, ಬಾಗಿಲ ಬುಡದಲ್ಲಿ, ನೆಲದ ತಗಡು ಪಕ್ಕದ ತೊಲೆಗೆ ಸೇರುವಲ್ಲಿ. ನೀರು ನಿಲ್ಲುವ ಜಾಗ ಯಾವುದೋ ಅಲ್ಲಿ.

ಪ್ಲೈವುಡ್ ಬಗ್ಗೆ ಅಂಗಡಿಯಲ್ಲಿ ಕೇಳಿಬರುವ ಒಂದು ಮಾತನ್ನೂ ಸರಿಪಡಿಸಬೇಕು. "ಮೆರೈನ್ ಪ್ಲೈ ತಗೊಳ್ಳಿ, ನೀರಲ್ಲಿ ಹಾಕಿದ್ರೂ ಏನೂ ಆಗಲ್ಲ" ಅನ್ನುತ್ತಾರೆ. ಐಎಸ್ 710 ಎಂಬ ಗುರುತಿರುವ ಮೆರೈನ್ ಪ್ಲೈವುಡ್ಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ ಎಂಬುದು ನಿಜ. ಆ ಪರೀಕ್ಷೆಯಲ್ಲಿ ಗೆಲ್ಲುವುದು ಪದರಗಳ ನಡುವಿನ ಅಂಟು. ಮರ ಮರವೇ, ಅದು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಣಗದಿದ್ದರೆ ಕೊಳೆಯುತ್ತದೆ. ಐಎಸ್ 303ರಲ್ಲಿ ಎಂಆರ್ ಎಂಬ ಅಗ್ಗದ ದರ್ಜೆ ಮನೆಯೊಳಗಿನ ಪೀಠೋಪಕರಣಕ್ಕೆ ಮಾತ್ರ. ಅದೇ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ತಕ್ಕಮಟ್ಟಿಗೆ ಪರವಾಗಿಲ್ಲ. ಸಾಧ್ಯವಾದರೆ 710ನ್ನೇ ಕೊಳ್ಳಿ, ಕೊಂಡ ಮೇಲೂ ಅದರ ಅಂಚನ್ನು ನಂಬಬೇಡಿ. ಹಲಗೆಯ ಕತ್ತರಿಸಿದ ಅಂಚಿನಲ್ಲಿ ಮರದ ಕೊಳವೆಗಳ ಬಾಯಿಗಳೆಲ್ಲ ತೆರೆದಿರುತ್ತವೆ. ಅಗಲ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುವುದು ಅಲ್ಲಿಂದ.

ಈಗ ಹೊರಮೈಯ ಆಯ್ಕೆಗಳು. ಎಲ್ಲರಿಗೂ ಮೊದಲು ಮನಸ್ಸು ಹೋಗುವುದು ವಾರ್ನಿಷ್ ಮೇಲೆ. ಮರದ ಗೆರೆಗಳು ಜೇನಿನ ಬಣ್ಣದಲ್ಲಿ ಹೊಳೆಯುವಾಗ ಯಾರಿಗೆ ಆಸೆ ಹುಟ್ಟದು? ಆದರೆ ಪಾರದರ್ಶಕವಾದದ್ದು ಬಿಸಿಲನ್ನೂ ಒಳಗೆ ಬಿಡುತ್ತದೆ. ಸೂರ್ಯನ ನೇರಳಾತೀತ ಕಿರಣ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುತ್ತದೆ. ಆಗ ವಾರ್ನಿಷ್ ಗಟ್ಟಿಯಾಗಿಯೇ ಇದ್ದರೂ ಅದು ಕಚ್ಚಿಕೊಂಡ ಮರದ ಮೇಲ್ಪದರವೇ ಪುಡಿಯಾಗಿ ಸಿಪ್ಪೆ ಏಳುತ್ತದೆ. ಹಡಗಿಗೆ ಬಳಸುವ, ಬಿಸಿಲು ತಡೆಯುವ ಅಂಶ ಸೇರಿಸಿದ ವಾರ್ನಿಷ್ ಇದೆ. ಚೆನ್ನೈ ಬಿಸಿಲಿಗೆ ಅದನ್ನೂ ವರ್ಷ ವರ್ಷ ಉಜ್ಜಿ ಮತ್ತೆ ಹಚ್ಚಬೇಕು. ಫ್ರೆಂಚ್ ಪಾಲಿಶ್ ಅಂತೂ ಬೇಡವೇ ಬೇಡ, ನೀರು ತಾಗಿದರೆ ಬೆಳ್ಳಗಾಗುತ್ತದೆ. ನಮ್ಮ ಚನ್ನಪಟ್ಟಣದ ಗೊಂಬೆಗಳ ಮೇಲಿನ ಅರಗು ಎಷ್ಟು ಚೆಂದ! ಆದರೆ ಆ ಅರಗನ್ನು ಮರಕ್ಕೆ ಹತ್ತಿಸುವುದೇ ಉಜ್ಜಿದ ಬಿಸಿಗೆ ಕರಗಿಸಿ. ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಅದು ಆಗದು.

ನಾನು ಹೇಳಿದ್ದ ಎನಾಮೆಲ್ ಪೂರ್ತಿ ನಿಷ್ಪ್ರಯೋಜಕ ಅಲ್ಲ. ಅಗ್ಗ, ಎಲ್ಲೆಡೆ ಸಿಗುತ್ತದೆ, ಯಾರು ಬೇಕಾದರೂ ಹೊಡೆಯಬಹುದು. ವರ್ಷಗಳು ಕಳೆದಂತೆ ಗಡುಸಾಗುತ್ತಾ ಹೋಗುವುದು ಅದರ ದೋಷ. ಕೆಳಗಿನ ಪ್ಲೈವುಡ್ ಉಬ್ಬಿ ಕುಗ್ಗುವಾಗ ಅದು ಜೊತೆಗೆ ಹಿಗ್ಗಲಾರದು, ಬಿರುಕು ಬಿಡುತ್ತದೆ. ಮನೆಯ ಹೊರಗೋಡೆಗೆ ಹೊಡೆಯುವ ಒಳ್ಳೆಯ ದರ್ಜೆಯ ಅಕ್ರಿಲಿಕ್ ಎಮಲ್ಷನ್ ಈ ವಿಷಯದಲ್ಲಿ ಮೇಲು. ಅದು ಹಿಗ್ಗುತ್ತದೆ, ಬಿಸಿಲು ತಡೆಯುತ್ತದೆ, ಒಳಗಿನ ತೇವವನ್ನು ಸ್ವಲ್ಪ ಸ್ವಲ್ಪ ಹೊರಗೂ ಬಿಡುತ್ತದೆ. ಆದರೆ ಮೆತ್ತಗೆ, ಬೇಗ ಗೀರು ಬೀಳುತ್ತದೆ.

ಇದೇ ಎಮಲ್ಷನ್ನಿನಿಂದ ಬಡವರ ಉಪಾಯವೊಂದಿದೆ. ಅಮೆರಿಕದ ಗಾಡಿ ಕಟ್ಟುವವರು ಹತ್ತಿ ಬಟ್ಟೆಯನ್ನು ನೀರು ತಡೆಯುವ ಮರದ ಅಂಟಿನಲ್ಲಿ ಅದ್ದಿ ಪ್ಲೈವುಡ್ ಮೇಲೆ ಎಳೆದು ಕೂರಿಸಿ, ಮೇಲೆ ನಾಲ್ಕೈದು ಕೋಟ್ ಮನೆಯ ಬಣ್ಣ ಹೊಡೆಯುತ್ತಾರೆ. ಓದಿದಾಗ ನನಗೆ ತಟ್ಟನೆ ಹೊಗೇನಕಲ್ಲಿನ ಹರಿಗೋಲು ನೆನಪಾಯಿತು. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂತು. ಒಳಗೆ ಆಕಾರ ಕೊಡುವುದು ಒಂದು, ಹೊರಗೆ ನೀರು ತಡೆಯುವುದು ಇನ್ನೊಂದು. ಹಳೆಯ ಬುದ್ಧಿಯೇ. ಹಣ ಕಡಿಮೆ ಇದ್ದು, ಗಾಡಿ ಸೂರಿನ ಕೆಳಗೆ ನಿಲ್ಲುವುದಾದರೆ ಇದು ಕೆಟ್ಟ ಆಯ್ಕೆಯಲ್ಲ.

ಅಲ್ಯೂಮಿನಿಯಂ ತಗಡು ನೋಡಲು ಸೊಗಸು, ಬಿಸಿಲಿಗೆ ಅಂಜದು. ಎರಡು ಎಚ್ಚರಿಕೆ ಬೇಕು. ಒಂದು, ಅದು ಬಿಸಿಗೆ ಹಿಗ್ಗುತ್ತದೆ. ಎಂಟು ಅಡಿ ಉದ್ದದ ತಗಡು ಬೆಳಗಿನಿಂದ ಮಧ್ಯಾಹ್ನಕ್ಕೆ 40 ಡಿಗ್ರಿ ಹೆಚ್ಚು ಕಾದರೆ ಎರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಮರಕ್ಕೆ ಪೂರ್ತಿ ಅಂಟಿಸಿಬಿಟ್ಟರೆ ಅಲೆಅಲೆಯಾಗಿ ಏಳುತ್ತದೆ. ಅಂಚುಪಟ್ಟಿಯ ಕೆಳಗೆ ಸಡಿಲವಾಗಿ ಜಾರುವಂತೆ ಕೂರಿಸಬೇಕು. ಎರಡು, ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂಗೆ ಬೇರೆ ಲೋಹದ ಸ್ಕ್ರೂ ತಾಗಿದರೆ ಅದು ಚಿಕ್ಕ ಬ್ಯಾಟರಿಯಂತಾಗಿ ಲೋಹವನ್ನು ತಿನ್ನುತ್ತದೆ. ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಹೀಗೆ ತಿನ್ನಿಸಿಕೊಳ್ಳುವುದು ಸ್ಕ್ರೂವಿನ ಸುತ್ತಲಿನ ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಕೆಳಗೆ ನೈಲಾನ್ ವಾಷರ್ ಇಟ್ಟು, ಸೀಲೆಂಟ್ ಬಳಿಯಿರಿ. ಆದರೂ ತಗಡಿನ ಹಿಂದೆ ಹೋದ ನೀರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಚೆನ್ನೈಯಲ್ಲಿ ನನಗೆ ಅದರ ಮೇಲಿನ ಅನುಮಾನ ಇಷ್ಟೇ.

ಉಳಿದದ್ದು ದೋಣಿಯ ದಾರಿ. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ 1980ರ ದಶಕದಲ್ಲಿ ಮೀನುಗಾರರ ಸಹಕಾರ ಸಂಘಗಳ ಒಕ್ಕೂಟವು ಪ್ಲೈವುಡ್ ದೋಣಿಗಳನ್ನು ಕಟ್ಟಿಸತೊಡಗಿತು. ಮೆರೈನ್ ಪ್ಲೈವುಡ್ ಹಲಗೆಗಳನ್ನು ಬಟ್ಟೆ ಹೊಲಿದಂತೆ ತಂತಿಯಿಂದ ಹೊಲಿದು, ಕೂಡುವ ಕಡೆಗಳಲ್ಲಿ ಗಾಜಿನ ನಾರಿನ ಪಟ್ಟಿಯನ್ನು ರಾಳದಲ್ಲಿ ಅದ್ದಿ ಅಂಟಿಸುವ ವಿಧಾನ. ದೊಡ್ಡ ಮರ ದುರ್ಲಭವಾಗುತ್ತಿದ್ದ ಕಾಲದಲ್ಲಿ ಅಲೆಗಳ ಹೊಡೆತ ತಿಂದು ಮರಳಿನ ಮೇಲೆ ಎಳೆಸಿಕೊಳ್ಳುವ ದೋಣಿಯನ್ನೇ ಪ್ಲೈವುಡ್ಡಿನಲ್ಲಿ ಕಟ್ಟಿದರು. 2004ರ ಡಿಸೆಂಬರ್ 26ರ ಸುನಾಮಿಯ ನಂತರವಂತೂ ಈ ತೀರದುದ್ದಕ್ಕೂ ಪೂರ್ತಿ ಫೈಬರ್ ದೋಣಿಗಳೇ ತುಂಬಿಕೊಂಡವು, ಕಟ್ಟುಮರ ಅಪರೂಪವಾಯಿತು. ಹಾಗಾಗಿ ಫೈಬರ್ ಕೆಲಸ ಬಲ್ಲ ಕೈಗಳು ಕಾಸಿಮೇಡಿನ ಕಡೆ ಬೇಕಾದಷ್ಟಿವೆ. ನಮ್ಮ ಕರೆಗಾರ ಹಿರಿಯರಿಗೆ ಇದು ದೊಡ್ಡ ಅನುಕೂಲ.

ನನ್ನ ಮತ ಇದಕ್ಕೇ. ಪ್ಲೈವುಡ್ ಮೇಲೆ ತೆಳುವಾದ ಗಾಜಿನ ಬಟ್ಟೆ, ಅದನ್ನು ಕಚ್ಚಿಸಲು ಎಪಾಕ್ಸಿ ರಾಳ, ಮೇಲೆ ಬಿಳಿ ಬಣ್ಣ. ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಬಟ್ಟೆ ಸಾಕು. ಫೈಬರ್ ಅಂಗಡಿಯವರು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳವನ್ನೂ, ಹತ್ತಿಯಂತೆ ಚೂರು ನಾರುಗಳ ಮ್ಯಾಟನ್ನೂ ಕೊಡುತ್ತಾರೆ. ಪೂರ್ತಿ ಫೈಬರ್ ದೋಣಿಗೆ ಅದು ಸರಿ. ಆದರೆ ಪಾಲಿಯೆಸ್ಟರ್ ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ, ವರ್ಷಗಳಲ್ಲಿ ಹಾಳೆಯಂತೆ ಕಿತ್ತು ಬರಬಹುದು. ಇನ್ನು ಆ ಮ್ಯಾಟಿನ ಚೂರುಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳದಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸರಿಯಾಗಿ ಕರಗದು. ಎಪಾಕ್ಸಿಗೆ ನೇಯ್ದ ಬಟ್ಟೆಯನ್ನೇ ಕೇಳಿ. ಪಾಲಿಯೆಸ್ಟರ್‌ಗೆ ಗಟ್ಟಿಕಾರಕವನ್ನು ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸುವ ಅಭ್ಯಾಸ ಕೆಲಸಗಾರರಿಗಿರುತ್ತದೆ. ಎಪಾಕ್ಸಿಯಲ್ಲಿ ಅದು ನಡೆಯದು, ಡಬ್ಬದ ಮೇಲೆ ಬರೆದ ಅಳತೆಯನ್ನೇ ತೂಗಿ ಕಲಸಬೇಕು. ತಪ್ಪಿದರೆ ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ.

ಎಪಾಕ್ಸಿಯ ದೌರ್ಬಲ್ಯ ಬಿಸಿಲು. ಹಾಗೇ ಬಿಟ್ಟರೆ ಹಳದಿಯಾಗಿ, ಸುಣ್ಣದಂತೆ ಪುಡಿ ಏಳುತ್ತದೆ. ಮೇಲೆ ಬಣ್ಣ ಬೇಕೇ ಬೇಕು. ಎರಡು ಭಾಗ ಬೆರೆಸುವ ಪಾಲಿಯುರಥೇನ್, ಅಂದರೆ ಪೇಂಟರುಗಳ ಬಾಯಲ್ಲಿ ಪಿಯು, ಎಲ್ಲಕ್ಕಿಂತ ಗಟ್ಟಿ. ರೈಲ್ವೆಯವರು ಕೂಡ ಬೋಗಿಗಳಿಗೆ ಎನಾಮೆಲ್ ಬಿಟ್ಟು ಪಿಯು ಹಿಡಿದಿದ್ದಾರೆ. ಆದರೆ ಅದರಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದೆ, ಸ್ಪ್ರೇ ಮಾಡುವಾಗ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಅಪಾರ್ಟ್‌ಮೆಂಟಿನ ಕೆಳಗೆ ಸ್ಪ್ರೇ ಮಾಡಬೇಡಿ. ಸರಿಯಾದ ವ್ಯವಸ್ಥೆಯಿರುವ ಕಾರು ಪೇಂಟಿಂಗ್ ಶೆಡ್ಡಿಗೆ ಒಯ್ದು ಕೊಡಿ. ಬಿಳಿ ಬಣ್ಣವೇ ಯಾಕೆ ಎಂದರೆ, ಮನೆಯಲ್ಲಿ ಕಲಸಿ ಹಚ್ಚುವ ಸಾಧಾರಣ ಎಪಾಕ್ಸಿ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಮೇ ತಿಂಗಳಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಮತ್ತೆ ಕೇಳುವುದಿಲ್ಲ. ಕಡುನೀಲಿ ಗಾಡಿಯ ಆಸೆ ಇದ್ದವರು ಕೆಳಗೊಂದು ಪಟ್ಟಿ ಎಳೆದು ಸಮಾಧಾನಪಟ್ಟುಕೊಳ್ಳಬೇಕು.

ಕೆಲಸ ಮಾಡುವ ಕಾಲ ಜನವರಿಯಿಂದ ಮಾರ್ಚ್. ಮಳೆಗಾಲದ ತೇವದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರಿನಿಂದ ತೊಳೆದು ಉಜ್ಜದೆ ಮುಂದಿನ ಕೋಟ್ ಹಚ್ಚಿದರೆ ಕಚ್ಚುವುದಿಲ್ಲ. ಮೇ ತಿಂಗಳಲ್ಲಿ ಕಲಸಿದ ರಾಳ ಬಟ್ಟಲಲ್ಲೇ ಕಾದು ಗಟ್ಟಿಯಾಗುತ್ತದೆ. ದಿನದಲ್ಲಿಯೂ ಹೊತ್ತು ನೋಡಬೇಕು. ಬೆಳಗ್ಗೆ ಹಚ್ಚಿದರೆ, ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ. ಮಧ್ಯಾಹ್ನ ಇಳಿದ ಮೇಲೆ, ಮರ ತಣಿಯುತ್ತಿರುವಾಗ ಹಚ್ಚಿದರೆ ಅದೇ ಗಾಳಿ ಕುಗ್ಗಿ ರಾಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಮುದ್ರದ ಗಾಳಿ ಬೀಸುವ ಹೊತ್ತೂ ಅದೇ ಆದ್ದರಿಂದ, ಹಚ್ಚುವ ಮುನ್ನ ಸಿಹಿನೀರಿನ ಬಟ್ಟೆಯಲ್ಲಿ ಉಪ್ಪು ಒರೆಸಿ, ಪೂರ್ತಿ ಒಣಗಿಸಿ, ಮುಗಿದ ಮೇಲೆ ಮೇಲಿನಿಂದ ಹಾಳೆ ಕಟ್ಟಿ. ಕೈಗವಸು ತಪ್ಪಿಸಬೇಡಿ. ಒಣಗಿದ ಗಾಜಿನ ಬಟ್ಟೆ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಪೂರ್ತಿ ತೋಳಿನ ಅಂಗಿ ತೊಡಿ. ಆ ತುರಿಕೆ ಎರಡು ದಿನ ಬಿಡುವುದಿಲ್ಲವಂತೆ.

ಅಂಚುಗಳಿಗೆ ಬರೋಣ, ನಿಜವಾದ ಕೆಲಸ ಇಲ್ಲಿದೆ. ಚೂಪಾದ ಅಂಚಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಎರಡೂ ಬದಿಗೆ ಜಾರಿ ನಡುವೆ ತೆಳುವಾಗುತ್ತದೆ. ಎಲ್ಲಾ ಅಂಚುಗಳನ್ನು ಪೆನ್ಸಿಲಿನಷ್ಟಾದರೂ ದುಂಡಗೆ ಉಜ್ಜಿ. ಬರಿಯ ಎಪಾಕ್ಸಿಯನ್ನು ಕತ್ತರಿಸಿದ ಅಂಚಿಗೆ ಹಚ್ಚಿ, ಅದು ಕುಡಿದ ಮೇಲೆ ಮತ್ತೆ ಹಚ್ಚಿ, ಹೀರುವುದು ನಿಲ್ಲುವ ತನಕ ಹಚ್ಚುತ್ತಲೇ ಇರಿ. ಬಾಗಿಲಿನ ಚೌಕಟ್ಟು, ಕಿಟಕಿ, ದೀಪ, ಕೀಲುಗಳಿಗಾಗಿ ಕೊರೆದ ಒಂದೊಂದು ತೂತೂ ಒಂದೊಂದು ಅಂಚೇ. ದೋಣಿಯವರು ಸ್ಕ್ರೂಗಿಂತ ದೊಡ್ಡ ತೂತು ಕೊರೆದು, ಅದನ್ನು ದಪ್ಪ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯುತ್ತಾರೆ. ಹಾಗೆ ಮಾಡಿದರೆ ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ. ಬೇಸರದ ಕೆಲಸ, ನಿಜ. ಆದರೆ ನೂರು ತೂತುಗಳಲ್ಲಿ ತೊಂಬತ್ತೊಂಬತ್ತನ್ನು ಮುಚ್ಚಿ ಒಂದನ್ನು ಬಿಟ್ಟರೆ ನೀರಿಗೆ ಆ ಒಂದು ಸಾಕು. ಗಾಡಿಯ ಹೊಟ್ಟೆಗೂ ಎಪಾಕ್ಸಿ, ಅದರ ಮೇಲೆ ಕಾರಿನ ಕೆಳಭಾಗಕ್ಕೆ ಬಳಿಯುವ ಕಪ್ಪು ಕೋಟಿಂಗ್ ಇರಲಿ. ಚಕ್ರ ಎರಚುವ ಕಲ್ಲು, ಕೆಸರು ಅಲ್ಲಿಗೇ ಬಡಿಯುವುದು.

ಒಳಗಿನ ಮಾತು ಒಂದೇ ಸಾಲಿನಲ್ಲಿ: ಇಬ್ಬರು ರಾತ್ರಿಯೆಲ್ಲಾ ಬಿಡುವ ಉಸಿರೂ ನೀರೇ, ಏರ್ಕಾಡಿನಂಥ ತಂಪಿನ ಊರಿನಲ್ಲಿ ಗೋಡೆಯ ಮೇಲೆ ಹನಿಗಟ್ಟುತ್ತದೆ, ಚಾವಣಿಯಲ್ಲಿ ಗಾಳಿ ಆಡುವ ಕಿಂಡಿ ಇರಲೇಬೇಕು.

ಇನ್ನೂ ನಂಬಿಕೆ ಬರದವರಿಗೆ ಒಂದು ಪ್ರಯೋಗ ಹೇಳುತ್ತೇನೆ. ಉಳಿದ ಪ್ಲೈವುಡ್ ಚೂರುಗಳಿಂದ ಅಂಗೈ ಅಗಲದ ನಾಲ್ಕು ತುಂಡು ಮಾಡಿ. ಒಂದಕ್ಕೆ ಎನಾಮೆಲ್, ಒಂದಕ್ಕೆ ವಾರ್ನಿಷ್, ಒಂದಕ್ಕೆ ಬಟ್ಟೆ ಮತ್ತು ಎಮಲ್ಷನ್, ಒಂದಕ್ಕೆ ಎಪಾಕ್ಸಿ ಮತ್ತು ಬಣ್ಣ. ಪ್ರತಿಯೊಂದರ ಒಂದು ಮೂಲೆಯನ್ನು ಮೊಳೆಯಿಂದ ಬೇಕೆಂದೇ ಗೀರಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟು, ತಾರಸಿಯ ಮೇಲೆ ಮಳೆಗಾಲ ಪೂರ್ತಿ ಬಿಡಿ. ಮಳೆ ನಿಂತ ಮರುದಿನ ಒಮ್ಮೆ ತೂಗಿ, ಒಂದು ವಾರ ಬಿಸಿಲು ಕಂಡ ಮೇಲೆ ಮತ್ತೊಮ್ಮೆ ತೂಗಿ. ಹೆಚ್ಚಿದ ತೂಕ ಇಳಿಯದೆ ನಿಂತ ತುಂಡು ಯಾವುದೋ, ನೀರನ್ನು ಒಳಗೆ ಕೂಡಿಹಾಕಿಕೊಂಡಿರುವುದು ಅದು.

ಮರೆಯುವ ಮುಂಚೆ ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ನೋಂದಣಿಯಾಗಬೇಕಾದ ವಾಹನ. ಬಣ್ಣಕ್ಕೆ ಹಣ ಸುರಿಯುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ, ಮನೆಯಲ್ಲಿ ಕಟ್ಟಿದ ಗಾಡಿಗೆ ಏನೇನು ಬೇಕು ಎಂದು ವಿಚಾರಿಸಿ. ರಸ್ತೆಗಿಳಿಯದ ಗಾಡಿಗೆ ಎಂಥ ಹೊರಮೈ ಇದ್ದರೇನು?

ಕರೆ ಮಾಡಿದ್ದ ಹಿರಿಯರಿಗೆ: ಸಾರ್, ನಾನು ಹೇಳಿದ ಎನಾಮೆಲ್ ಡಬ್ಬವನ್ನು ಇನ್ನೂ ತೆರೆದಿಲ್ಲವಾದರೆ ಅಂಗಡಿಗೆ ವಾಪಸು ಕೊಟ್ಟುಬಿಡಿ. ಆಗಲೇ ಹೊಡೆದಿದ್ದರೂ ಗಾಬರಿ ಬೇಡ. ಎಪಾಕ್ಸಿ ಬಣ್ಣದ ಮೇಲೆ ನಿಲ್ಲದು, ಮರವನ್ನೇ ಕಚ್ಚಬೇಕು. ಹಾಗಾಗಿ 80 ನಂಬರಿನ ಉಪ್ಪುಕಾಗದದಲ್ಲಿ ಬರಿಮರ ಕಾಣುವ ತನಕ ಉಜ್ಜಿ, ಬಾಗಿಲ ಕೆಳಗಿನ ಅಂಚಿನಿಂದ ಶುರು ಮಾಡಿ. ಮುಂದಿನ ಫೋನ್-ಇನ್ ದಿನ ಮತ್ತೆ ಕರೆ ಮಾಡಿ, ಹಾಡನ್ನು ಎರಡು ನಿಮಿಷ ತಡವಾಗಿ ಹಾಕುತ್ತೇನೆ.